ಬೆಲ್ಟೋ ಬಲೂನೋ: ಕಾರಿನೊಳಗಿನ ಹಳೆಯ ತಕರಾರು

ಕಾರು ಕೊಳ್ಳಲು ಹೊರಟವರ ಕಿವಿಗೆ ಈಗ ಬೀಳುವುದು ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವುದು), ಇಎಸ್‌ಸಿ (ಕಾರು ಜಾರಿ ಹಿಡಿತ ತಪ್ಪದಂತೆ ನೋಡುವುದು), ಎಡಿಎಎಸ್ (ಚಾಲಕನಿಗೆ ನೆರವಾಗುವ ಎಲೆಕ್ಟ್ರಾನಿಕ್ ವ್ಯವಸ್ಥೆಗಳು), ಏರ್‌ಬ್ಯಾಗ್ ಎಷ್ಟು, ಸುರಕ್ಷತೆಯ ಸ್ಟಾರ್ ಎಷ್ಟು ಎಂಬ ಮಾತುಗಳೇ. ಈ ಗೋಜಲಿನ ಬುಡದಲ್ಲಿರುವ ತಕರಾರು ಮಾತ್ರ ಹಳೆಯದು: ಜೀವ ಉಳಿಸುವ ಹೊಣೆ ಕಾರಿನದೋ, ಒಳಗೆ ಕೂತವರದೋ?

ಕಾರಿನ ಮೊದಲ ಐವತ್ತು-ಅರವತ್ತು ವರ್ಷ ಈ ಪ್ರಶ್ನೆ ಹೆಚ್ಚು ಏಳಲೇ ಇಲ್ಲ. ಅಪಘಾತವೆಂದರೆ ಚಾಲಕನ ತಪ್ಪು, ಒಳ್ಳೆಯ ಕಾರೆಂದರೆ ಜಗ್ಗದ ಕಾರು. ಮುಂಭಾಗ ನುಜ್ಜುಗುಜ್ಜಾಗಿ ಪೆಟ್ಟನ್ನು ತಾನೇ ಉಣ್ಣಲಿ, ಜನ ಕೂರುವ ಭಾಗ ಗಟ್ಟಿಯಿರಲಿ ಎಂಬ ಎಂಜಿನಿಯರ್ ಬೇಲಾ ಬಾರೆನಿಯವರ ವಿನ್ಯಾಸ 1959ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ರಸ್ತೆಗಿಳಿಯಿತು. ಅದೇ ವರ್ಷ ವೋಲ್ವೊದ ನಿಲ್ಸ್ ಬೋಲಿನ್ ಎದೆಗೂ ಸೊಂಟಕ್ಕೂ ಒಟ್ಟಿಗೆ ಬೀಳುವ ಸೀಟ್ ಬೆಲ್ಟ್ ತಂದರು. ಅವರು ಮೊದಲು ವಿಮಾನದಿಂದ ಪೈಲಟ್‌ನನ್ನು ಹೊರಗೆಸೆಯುವ ಸೀಟು ಮಾಡುತ್ತಿದ್ದವರು! ಕಂಪನಿ ಆ ಪೇಟೆಂಟನ್ನು ಉಳಿದ ತಯಾರಕರಿಗೂ ಬಿಟ್ಟುಕೊಟ್ಟಿತು.

ಬೆಲ್ಟ್ ಬಂತು, ಹಾಕಿಕೊಳ್ಳುವವರು ಬರಲಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1970ರಲ್ಲಿ ಕಾನೂನು ಮಾಡಿ ಕಡ್ಡಾಯಗೊಳಿಸಿತು. ಅಮೆರಿಕ ಸುತ್ತು ಬಳಸಿ ಹೋಯಿತು. 1974ರ ಮಾದರಿಗಳಲ್ಲಿ ಬೆಲ್ಟ್ ಹಾಕದಿದ್ದರೆ ಎಂಜಿನ್ನೇ ಚಾಲೂ ಆಗದ ವ್ಯವಸ್ಥೆ ಬಂತು. ಪಕ್ಕದ ಸೀಟಿನ ಮೇಲಿಟ್ಟ ಭಾರದ ಚೀಲಕ್ಕೂ ಬೆಲ್ಟ್ ಕಟ್ಟಬೇಕಾಯಿತು. ಜನ ರೇಗಿದರು, ಅದೇ ವರ್ಷ ಸಂಸತ್ತು ನಿಯಮವನ್ನು ಕಿತ್ತುಹಾಕಿತು.

ಹಾಗಾದರೆ ಯಾರನ್ನೂ ಕೇಳದೆ ಕಾಪಾಡುವ ಸಾಧನ ಬೇಕು. ಡಿಕ್ಕಿಯಾದಾಗ ಬಲೂನಿನಂತೆ ತಾನೇ ಉಬ್ಬಿ ತಡೆಯುವ ಏರ್‌ಬ್ಯಾಗ್‌ಗೆ ಜಾನ್ ಹೆಟ್ರಿಕ್ 1953ರಲ್ಲೇ ಪೇಟೆಂಟ್ ಪಡೆದಿದ್ದರು. ಎಪ್ಪತ್ತರ ದಶಕದಲ್ಲಿ ಸುಮಾರು ಹತ್ತು ಸಾವಿರ ಕಾರುಗಳಲ್ಲಿ ಮಾರಾಟವೂ ಆಯಿತು. ಆದರೆ ಕಡ್ಡಾಯ ನಿಯಮ ಬರೆಯುವುದು, ಮುಂದೂಡುವುದು, ಅಳಿಸುವುದು ನಡೆದೇ ಇತ್ತು. 1981ರಲ್ಲಿ ನಿಯಮವನ್ನು ರದ್ದು ಮಾಡಿದ್ದು ಸರಿಯಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1983ರಲ್ಲಿ ಹೇಳಿ, ಮತ್ತೆ ಪರಿಶೀಲಿಸಲು ವಾಪಸು ಕಳಿಸಿತು. ಮರುವರ್ಷದ ಹೊಸ ನಿಯಮದಲ್ಲೊಂದು ಕಿಂಡಿ: ಮೂರನೇ ಎರಡರಷ್ಟು ಜನಸಂಖ್ಯೆಯುಳ್ಳ ರಾಜ್ಯಗಳು ಬೆಲ್ಟ್ ಕಾನೂನು ಮಾಡಿದರೆ ಏರ್‌ಬ್ಯಾಗ್ ಒತ್ತಾಯ ಬೇಡ. ಏರ್‌ಬ್ಯಾಗ್ ಬೇಡವೆನ್ನುತ್ತಿದ್ದ ಕಾರು ಕಂಪನಿಗಳಲ್ಲಿ ಬೆಲ್ಟ್ ಕಾನೂನಿಗೆ ಇದ್ದಕ್ಕಿದ್ದಂತೆ ಎಷ್ಟೊಂದು ಅಭಿಮಾನಿಗಳು ಹುಟ್ಟಿಕೊಂಡರು! ಕೊನೆಗೆ ಎರಡೂ ಬಂದವು. 1997ರ ಸೆಪ್ಟೆಂಬರ್‌ನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಮುಂದಿನ ಎರಡು ಏರ್‌ಬ್ಯಾಗ್ ಕಡ್ಡಾಯ.

ಅಷ್ಟರಲ್ಲಿ ಇನ್ನೊಂದು ಸತ್ಯ ಹೊರಬಿದ್ದಿತ್ತು. ಬೆಲ್ಟ್ ಹಾಕದ, ಸರಾಸರಿ ಮೈಕಟ್ಟಿನ ಗಂಡಸನ್ನು ತಡೆಯುವ ಲೆಕ್ಕದಲ್ಲಿ ಬಲೂನು ರಭಸವಾಗಿ ಉಬ್ಬುತ್ತಿತ್ತು. ಸಣ್ಣ ಡಿಕ್ಕಿಯಲ್ಲೂ ಮುಂದೆ ಕೂತ ಮಕ್ಕಳು, ಸ್ಟಿಯರಿಂಗ್‌ಗೆ ಹತ್ತಿರ ಕೂರುವ ಕುಳ್ಳಗಿನ ಹೆಂಗಸರು ಅದರ ಏಟಿಗೇ ಸತ್ತರು. ಡಿಕ್ಕಿ ಪರೀಕ್ಷೆಯಲ್ಲಿ ಮನುಷ್ಯರ ಬದಲು ಕೂರಿಸಿ ಅಳತೆಗೆ ಹಿಡಿದ ಗೊಂಬೆ ಅವರ ಮೈಕಟ್ಟಿನದಾಗಿರಲಿಲ್ಲ. ಬಲೂನಿನ ರಭಸ ತಗ್ಗಿಸಲಾಯಿತು, ಮಕ್ಕಳು ಹಿಂದಿನ ಸೀಟಿಗೆ ಹೋದರು. ಯಾರನ್ನೂ ಕೇಳಬಾರದೆಂದು ಬಂದ ಏರ್‌ಬ್ಯಾಗ್, ಬೆಲ್ಟ್ ಹಾಕಿಕೊಳ್ಳಿ ಎಂದು ಕೇಳತೊಡಗಿತು.

ಎಬಿಎಸ್, ಇಎಸ್‌ಸಿ, ಡಿಕ್ಕಿ ಪರೀಕ್ಷೆ ನಡೆಸಿ ಅಂಕ ಕೊಡುವ 1997ರ ಯೂರೋ ಎನ್‌ಕ್ಯಾಪ್ ಸಂಸ್ಥೆಯ ಸ್ಟಾರುಗಳು, ತಾನೇ ಬ್ರೇಕ್ ಹಾಕುವ ಕಾರುಗಳು — ಇವುಗಳ ಕಥೆ ಇಷ್ಟು ರಂಪದ್ದಲ್ಲ. ಬೆಲ್ಟಿನ ರಂಪ ಇನ್ನೂ ಮುಗಿದಿಲ್ಲ. ಬೀಪ್ ಸದ್ದು ನಿಲ್ಲಿಸಲು, ಬೆಲ್ಟನ್ನು ಮೈಮೇಲೆ ಹಾಕದೆ ಬರೀ ಬಕಲ್ ಸಿಕ್ಕಿಸುವವರು ಇದ್ದಾರೆ. ಈಗಿನ ಅನೇಕ ಕಾರುಗಳಲ್ಲಿ ಬಲೂನು ಯಾವಾಗ ಉಬ್ಬಬೇಕೆಂದು ಕಂಪ್ಯೂಟರ್ ತೀರ್ಮಾನಿಸುವಾಗ ಆ ಬಕಲನ್ನೂ ನೋಡುತ್ತದೆ. ಅದರ ಲೆಕ್ಕದಲ್ಲಿ ಅವರು ಬೆಲ್ಟ್ ಹಾಕಿದವರು.