ಮೀಡಿಯಾ ಟ್ರಯಲ್ ಟಿಪ್ಪಣಿ: ಚಾರ್ಜ್‌ಶೀಟ್‌ಗೂ ಮುಂಚೆ ಚಾನೆಲ್‌ಗಳು ಏನು ಬೇಕಾದರೂ ಹೇಳಬಹುದಾ?

ಮೀಡಿಯಾ ಎಥಿಕ್ಸ್ ಓದುವವರು ನೀಲೇಶ್ ನವಲಖಾ ಕೇಸನ್ನು ಬಿಡುವ ಹಾಗಿಲ್ಲ. ನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡದ್ದು 2020ರ ಜೂನ್ 14ರಂದು. ಆಮೇಲೆ ತನಿಖೆ ಮುಗಿಯುವ ಮುಂಚೆಯೇ ಚಾನೆಲ್‌ಗಳು ತಾವೇ ವಿಚಾರಣೆ ನಡೆಸಿದವು, ಮೀಡಿಯಾ ಟ್ರಯಲ್ ಅನ್ನುವುದು ಇದನ್ನೇ. ಅದರ ವಿರುದ್ಧ ನವಲಖಾ ಮತ್ತಿತರರು ಹಾಕಿದ ಪಿಐಎಲ್‌ (ಸಾರ್ವಜನಿಕ ಹಿತಾಸಕ್ತಿ ಅರ್ಜಿ)ಗಳಿಗೆ ಬಾಂಬೆ ಹೈಕೋರ್ಟ್ ತೀರ್ಪು ಕೊಟ್ಟದ್ದು 2021ರ ಜನವರಿ 18ಕ್ಕೆ.

ಈ ತೀರ್ಪಿನಲ್ಲಿ ತಲೆ ತಿನ್ನುವ ಭಾಗ ಅಂದರೆ ನ್ಯಾಯಾಂಗ ನಿಂದನೆಯದು. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಸೆಕ್ಷನ್ 3 ಓದಿ. ಕೇಸು 'ಬಾಕಿ' ಇಲ್ಲದಿದ್ದಾಗ ಅದರ ಬಗ್ಗೆ ಏನಾದರೂ ಪ್ರಕಟಿಸಿದರೆ ನಿಂದನೆ ಆಗುವುದಿಲ್ಲ ಅನ್ನುತ್ತದೆ. ಕ್ರಿಮಿನಲ್ ಕೇಸು ಬಾಕಿ ಅನ್ನಿಸಿಕೊಳ್ಳುವುದು ಯಾವಾಗ? ಚಾರ್ಜ್‌ಶೀಟ್ ಸಲ್ಲಿಕೆ ಆದಾಗ, ಇಲ್ಲವೇ ಕೋರ್ಟು ಸಮನ್ಸ್ ಅಥವಾ ವಾರಂಟ್ ಹೊರಡಿಸಿದಾಗ. ಅಂದರೆ ಬರೀ ಎಫ್‌ಐಆರ್ ಆಗಿ ತನಿಖೆ ನಡೀತಿರುವಾಗ ಚಾನೆಲ್‌ಗಳು ಸೇಫ್, ಅಲ್ವಾ? ಜನರ ಕಣ್ಣಲ್ಲಿ ಒಬ್ಬರನ್ನು ಕೊಲೆಗಾರರನ್ನಾಗಿ ಮಾಡುವುದು ಇದೇ ಹೊತ್ತಿನಲ್ಲಿ. ಹಾಗಾಗಿ ಕಾಯ್ದೆಯೇ ಇವರ ಕಡೆ ಇದ್ದ ಹಾಗೆ ಕಾಣುತ್ತದೆ.

ಕೋರ್ಟು ಹಿಡಿದ ದಾರಿ ಬೇರೆ. ಕ್ರಿಮಿನಲ್ ನಿಂದನೆ ಅಂದರೆ ಏನು ಅಂತ ಹೇಳುವ ಸೆಕ್ಷನ್ 2(ಸಿ)ಯಲ್ಲಿ ಮೂರು ಉಪಖಂಡ ಇವೆ. ಮೊದಲನೆಯದು ಕೋರ್ಟಿನ ಮರ್ಯಾದೆ ಕಳೆಯುವುದು. ಎರಡನೆಯದು ನಡೆಯುತ್ತಿರುವ ವಿಚಾರಣೆಗೆ ಅಡ್ಡ ಬರುವುದು. ಮೂರನೆಯದು, ಬೇರೆ ಯಾವುದೇ ರೀತಿಯಲ್ಲಿ ನ್ಯಾಯದಾನಕ್ಕೆ ಅಡ್ಡಿ ಮಾಡುವುದು. ಎರಡನೆಯದಕ್ಕೆ ಕೋರ್ಟಿನಲ್ಲಿ ವಿಚಾರಣೆ ಇರಲೇಬೇಕು, ಮೂರನೆಯದಕ್ಕೆ ಬೇಕಿಲ್ಲ. ಪೊಲೀಸ್ ತನಿಖೆಯೂ ನ್ಯಾಯದಾನದ ಒಂದು ಹಂತವೇ, ಅದಕ್ಕೆ ಅಡ್ಡಿ ಮಾಡಿದರೆ ಚಾರ್ಜ್‌ಶೀಟ್ ಬರುವ ಮುಂಚೆಯೂ ನಿಂದನೆ ಆಗಬಹುದು ಅಂತ ಕೋರ್ಟು ಹೇಳಿತು. ಸೆಕ್ಷನ್ 3ರ ರಕ್ಷಣೆಯನ್ನು ಸುಮ್ನೆ ಎಲ್ಲದಕ್ಕೂ ಎಳೆಯೋಕೆ ಆಗಲ್ಲ. ಈ ಒಂದು ಮಾತು ತಲೆಗೆ ಹೋದರೆ ಉಳಿದ ತೀರ್ಪು ಸಲೀಸು. ರಿಪಬ್ಲಿಕ್ ಟಿವಿ ಮತ್ತು ಟೈಮ್ಸ್ ನೌ ಮಾಡಿದ ಕೆಲವು ವರದಿಗಳು ಮೇಲ್ನೋಟಕ್ಕೆ ನಿಂದನೆಯೇ ಅಂದ ಕೋರ್ಟು ಕ್ರಮ ಮಾತ್ರ ತೆಗೆದುಕೊಳ್ಳಲಿಲ್ಲ.

ಏನು ಮಾಡಬಾರದು ಅಂತ ಉದ್ದದ ಪಟ್ಟಿಯೇ ಇದೆ. ಸತ್ತವರನ್ನು ದುರ್ಬಲ ಮನಸ್ಸಿನವರು ಅಂತ ತೋರಿಸುವುದು, ಘಟನೆಯನ್ನು ಮತ್ತೆ ನಟಿಸಿ ತೋರಿಸುವುದು, ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯ ಅನ್ನುವ ಹಾಗೆ ಹಾಕುವುದು, ಹೀಗೆ. ನನಗೆ ಇಷ್ಟವಾದದ್ದು ಡಿಬೇಟ್ ಬಗ್ಗೆ ಹೇಳಿದ್ದು: ಅತಿಥಿ ಹಳಿ ತಪ್ಪಿದರೆ ಆಂಕರ್ ಅವರ ಮೈಕ್ ಮ್ಯೂಟ್ ಮಾಡಬಹುದು! ಮ್ಯೂಟ್ ಬಟನ್ ಈಗಲೂ ಜಾಸ್ತಿ ಒತ್ತುವುದು ಆಂಕರ್‌ಗೆ ಒಪ್ಪದವರು ಮಾತಾಡುವಾಗ, ಅದು ಬೇರೆ ಮಾತು.

ಪ್ರೆಸ್ ಕೌನ್ಸಿಲ್ ವ್ಯಾಪ್ತಿ ಪತ್ರಿಕೆಗಳಿಗೆ ಮಾತ್ರ, ಟಿವಿಗೆ ಇಲ್ಲ. ಆದರೂ ಬೇರೆ ವ್ಯವಸ್ಥೆ ಬರುವ ತನಕ ಆತ್ಮಹತ್ಯೆ ವರದಿಗೆ ಅದರ ಮಾರ್ಗಸೂಚಿಯನ್ನೇ ಟಿವಿಯೂ ಪಾಲಿಸಬೇಕು ಅಂತ ಕೋರ್ಟು ಹೇಳಿತು. ಪರೀಕ್ಷೆಯಲ್ಲಿ ಇದನ್ನು ಬಿಡಬೇಡಿ.

ಚಾನೆಲ್‌ಗಳ ಸ್ವಯಂ ನಿಯಂತ್ರಣದ ಬಗ್ಗೆ ಈ ತೀರ್ಪಿನಲ್ಲಿದ್ದ ಟೀಕೆ ಸರಿಯಿಲ್ಲ ಅಂತ ಪ್ರಸಾರಕರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಆಗಸ್ಟ್‌ನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು ಕೇಳಿದ್ದು, ತಪ್ಪು ಮಾಡಿದ ಚಾನೆಲ್‌ಗೆ ಈ ಸ್ವಯಂ ನಿಯಂತ್ರಣದಲ್ಲಿ 2008ರಿಂದ ಇರುವ 1 ಲಕ್ಷ ರೂಪಾಯಿ ದಂಡ ಸಾಕಾ ಅಂತ. ತಪ್ಪು ಮಾಡಿದ ಶೋನಿಂದ ಬರುವ ಲಾಭಕ್ಕೆ ತಕ್ಕ ಹಾಗೆ ದಂಡ ಇರಬೇಕು ಅನ್ನುವುದು ಅವರ ಮಾತಾಗಿತ್ತು.