ಟ್ಯೂಬಿನ ಮೇಲೆ ಸಮಯ ಬರೆದಿದ್ದೀರಾ?

ರಾತ್ರಿ ಎರಡೂವರೆ. ಎರಡು ತಿಂಗಳ ಮಗು. ಸಂಜೆಯಿಂದ ಜ್ವರ, ಹಾಲು ಕುಡಿಯುತ್ತಿಲ್ಲ, ಎತ್ತಿಕೊಂಡರೆ ಅಳು ಇನ್ನೂ ಜೋರಾಗುತ್ತದೆ. ಅಳುವ ಮಗುವನ್ನು ಎತ್ತಿಕೊಂಡರೆ ಸುಮ್ಮನಾಗಬೇಕು, ಅಲ್ವಾ? ಹಾಗಾಗದೆ ಅಳು ಹೆಚ್ಚಿದರೆ ನಮಗೆ ಮೆನಿಂಜೈಟಿಸ್ ಅನುಮಾನ ಬರುತ್ತದೆ. ಮೆದುಳಿನ ಪೊರೆಗೆ ಸೋಂಕು ತಗುಲಿದ್ದರೆ ಮಗುವನ್ನು ಅಲ್ಲಾಡಿಸಿದಷ್ಟೂ ನೋವು.

ಸಿಸ್ಟರ್ ಮಗುವನ್ನು ಪಕ್ಕಕ್ಕೆ ಮಲಗಿಸಿ, ಮೊಣಕಾಲು ಹೊಟ್ಟೆಗೆ ತಾಗುವ ಹಾಗೆ ಬಗ್ಗಿಸಿ ಹಿಡಿದರು. ಸೊಂಟದ ಹತ್ತಿರ ಬೆನ್ನುಮೂಳೆಯ ಸಂದಿನಲ್ಲಿ ಸೂಜಿ ಇಳಿಸಿದೆ. ದೊಡ್ಡವರಲ್ಲಿ ಸೂಜಿ ಪೊರೆ ದಾಟಿದ್ದು ಕೈಗೆ ಗೊತ್ತಾಗುತ್ತದೆ. ಇಷ್ಟು ಚಿಕ್ಕ ಮಕ್ಕಳಲ್ಲಿ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಚೂರು ಮುಂದೆ ಹೋಗು, ಸೂಜಿಯೊಳಗಿನ ಕಡ್ಡಿ ಎಳೆದು ನೋಡು, ಮತ್ತೆ ಚೂರು ಮುಂದೆ ಹೋಗು. ಮೂರನೇ ಸಲಕ್ಕೆ, ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವದ ಒಂದು ಹನಿ ಬಂತು. ತಿಳಿನೀರಿನ ಹಾಗಿರಬೇಕಾದದ್ದು ಮಬ್ಬಾಗಿತ್ತು. ಉಳಿದ ಹನಿಗಳನ್ನು ಎಣಿಸಿ ಟ್ಯೂಬುಗಳಿಗೆ ಹಿಡಿದೆವು. ಮಗುವಿನ ರಕ್ತ ಆಗಲೇ ತೆಗೆದಾಗಿತ್ತು. ಎರಡನ್ನೂ ಕಲ್ಚರಿಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯುತ್ತದಾ ಎಂದು ನೋಡುವ ಪರೀಕ್ಷೆಗೆ ಕಳಿಸಿದೆವು, ಆಂಟಿಬಯೋಟಿಕ್ ಶುರು ಮಾಡಿದೆವು.

ಇಲ್ಲಿಗೆ ಡಾಕ್ಟರ್ ಕೆಲಸ ಮುಗಿಯಿತು. ನನ್ನ ಇನ್ನೊಂದು ಕೆಲಸ ಇರುವುದು ಪಕ್ಕದ ಪುಟ್ಟ ಟ್ಯೂಬಿನಲ್ಲಿ. ಅಪ್ಪ ಅಮ್ಮ ಒಪ್ಪಿ ಸಹಿ ಹಾಕಿದ್ದರೆ, ಪರೀಕ್ಷೆಗೆ ರಕ್ತ ತೆಗೆಯುವಾಗಲೇ, ಅದೇ ಚುಚ್ಚಿನಲ್ಲಿ, ಅರ್ಧ ಮಿಲಿ ಹೆಚ್ಚಿಗೆ ತೆಗೆದು ಸಂಶೋಧನೆಗೆ ಇಡುತ್ತೇವೆ. ಮಕ್ಕಳ ಮೇಲಿನ ಸಂಶೋಧನೆ ಎಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನಿಜದಲ್ಲಿ ಬಹುಪಾಲು ಇಷ್ಟೇ. ಮೂರು ಕಿಲೋ ತೂಗುವ ಹಸುಗೂಸಿನ ಮೈಯಲ್ಲಿರುವ ರಕ್ತವೆಲ್ಲ ಸೇರಿ ಹೆಚ್ಚುಕಡಿಮೆ 250 ಮಿಲಿ. ಹಾಗಾಗಿ ಒಂದೊಂದು ಮಿಲಿಗೂ ಎಥಿಕ್ಸ್ ಕಮಿಟಿಯವರಿಗೆ ಲೆಕ್ಕ ಕೊಡಬೇಕು. ಕೊಡಲೇಬೇಕು ಕೂಡ.

ನಾನು ವಾರದಲ್ಲಿ ಸ್ವಲ್ಪ ದಿನ ವಾರ್ಡಿನಲ್ಲಿ, ಉಳಿದ ದಿನ ಲ್ಯಾಬಿನಲ್ಲಿ ಇರುತ್ತೇನೆ. ವಾರ್ಡಿನವರು ನನ್ನನ್ನು 'ಲ್ಯಾಬಿನವರು' ಅನ್ನುತ್ತಾರೆ, ಲ್ಯಾಬಿನವರು 'ಆಸ್ಪತ್ರೆಯವರು' ಅನ್ನುತ್ತಾರೆ. ಒಂದನ್ನೇ ಮಾಡಿದರೆ ಚೆನ್ನಾಗಿ ಮಾಡಬಹುದಲ್ಲ ಎಂದು ಕೇಳುವವರು ತುಂಬಾ ಜನ. ನಾನೂ ಹಾಗೇ ಅಂದುಕೊಂಡಿದ್ದ ಕಾಲವಿತ್ತು. ಮನಸ್ಸು ಬದಲಾದದ್ದು ನಮ್ಮದೇ ಒಂದು ತಪ್ಪಿನಿಂದ.

ಜ್ವರ ಬಂದ ಎಳೆ ಮಕ್ಕಳಲ್ಲಿ ಯಾರಿಗೆ ಬ್ಯಾಕ್ಟೀರಿಯಾ, ಯಾರಿಗೆ ಬರೀ ವೈರಸ್ ಎಂದು ಮೊದಲ ಗಂಟೆಯಲ್ಲೇ ತಿಳಿಯುವುದು ಕಷ್ಟ. ರಕ್ತದಲ್ಲಿ ಏನಾದರೂ ಸುಳಿವು ಸಿಗುತ್ತದಾ ಎಂದು ಹುಡುಕುತ್ತಿದ್ದೆವು. ಎರಡು ವರ್ಷದ ಸ್ಯಾಂಪಲ್ ಕೂಡಿಸಿ ನೋಡಿದಾಗ ಒಂದು ಪ್ರೋಟೀನ್ ಎದ್ದು ಕಂಡಿತು. ಬಿಳಿ ರಕ್ತಕಣಗಳು ಒಂದನ್ನೊಂದು ಕರೆಯಲು ಬಿಡುವಂಥದ್ದು. ತುಂಬಾ ಕಾಯಿಲೆಯಾದ ಮಕ್ಕಳಲ್ಲಿ ಜಾಸ್ತಿ, ಸಾಧಾರಣ ಜ್ವರದವರಲ್ಲಿ ಕಡಿಮೆ. ಗ್ರಾಫ್ ನೋಡಿದರೆ ಖುಷಿಯಾಗುವ ಹಾಗಿತ್ತು. ಲೇಖನದ ಕರಡೂ ಸಿದ್ಧವಾಗಿತ್ತು.

ಆಗ ಒಂದು ನೈಟ್ ಡ್ಯೂಟಿ ಬಂತು. ನಾನೇ ರಕ್ತ ತೆಗೆದು, ಟ್ಯೂಬನ್ನು ಮೇಜಿನ ಮೇಲಿನ ಸ್ಟ್ಯಾಂಡಿನಲ್ಲಿ ಇಟ್ಟು ಬೇರೆ ಮಗುವನ್ನು ನೋಡಲು ಹೋದೆ. ಬೆಳಿಗ್ಗೆ ಎಂಟಕ್ಕೆ ಹೊರಡುವಾಗ ನೋಡಿದರೆ ಟ್ಯೂಬು ಅಲ್ಲೇ ನಿಂತಿದೆ. ನಮ್ಮ ಲ್ಯಾಬ್ ಬಾಗಿಲು ತೆರೆಯುವುದೇ ಎಂಟಕ್ಕೆ! ನಿಂತಲ್ಲೇ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಯಿತು.

ಯಾಕೆ ಗೊತ್ತಾ? ಸಾಧಾರಣ ಜ್ವರದ ಮಕ್ಕಳು ಬರುವುದು ಹಗಲಿನ ಓಪಿಡಿಗೆ. ಅವರ ರಕ್ತ ಹದಿನೈದು ನಿಮಿಷದಲ್ಲಿ ಲ್ಯಾಬ್ ಸೇರುತ್ತದೆ. ಬೆಳಗಿನ ತನಕ ಕಾಯಲಾಗದವರು ರಾತ್ರಿ ಬರುತ್ತಾರೆ. ಅವರ ರಕ್ತ ಐದಾರು ಗಂಟೆ ಮೇಜಿನ ಮೇಲೆ ಕಾಯುತ್ತದೆ. ಟ್ಯೂಬಿಗೆ ಹೋದ ಮಾತ್ರಕ್ಕೆ ರಕ್ತಕಣ ಸಾಯುವುದಿಲ್ಲ. ಅಲ್ಲೇ ಸಕ್ಕರೆ ಕರಗಿಸುತ್ತಾ, ತಮ್ಮ ಪ್ರೋಟೀನ್ ಬಿಡುತ್ತಾ ಇರುತ್ತದೆ. ಆಮೇಲೆ ನಾವೇ ನಾಲ್ಕೈದು ಜನ ತೋಳು ಚಾಚಿ ರಕ್ತ ಕೊಟ್ಟೆವು. ಅರ್ಧವನ್ನು ಕೂಡಲೇ ಪರೀಕ್ಷಿಸಿದೆವು, ಅರ್ಧವನ್ನು ಆರು ಗಂಟೆ ಸುಮ್ನೆ ಇಟ್ಟು ಪರೀಕ್ಷಿಸಿದೆವು. ಜ್ವರವೇ ಇಲ್ಲದ ನಮ್ಮ ರಕ್ತದಲ್ಲೂ ಆ ಪ್ರೋಟೀನ್ ಏರಿ ಕೂತಿತ್ತು. ಎರಡು ವರ್ಷ ನಾವು ಸೋಂಕನ್ನು ಅಳೆದಿರಲಿಲ್ಲ, ಟ್ಯೂಬು ಎಷ್ಟು ಹೊತ್ತು ಮೇಜಿನ ಮೇಲಿತ್ತು ಅನ್ನುವುದನ್ನು ಅಳೆದಿದ್ದೆವು. ಲೇಖನ ಕಸದ ಬುಟ್ಟಿ ಸೇರಿತು.

ಲ್ಯಾಬಿನವರಿಗೆ ರಕ್ತ ಗೊತ್ತಿತ್ತು, ವಾರ್ಡಿನ ರಾತ್ರಿ ಗೊತ್ತಿರಲಿಲ್ಲ. ವಾರ್ಡಿನವರಿಗೆ ರಾತ್ರಿ ಗೊತ್ತಿತ್ತು, ಟ್ಯೂಬಿನೊಳಗೆ ಏನಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದ ನನಗೂ ಎರಡು ವರ್ಷ ಹೊಳೆಯಲಿಲ್ಲ ಅನ್ನುವುದು ಬೇರೆ ಮಾತು.

ಇದು ಸಣ್ಣ ತಪ್ಪು, ಯಾವ ಮಗುವಿಗೂ ತೊಂದರೆಯಾಗಲಿಲ್ಲ. ಆದರೆ ನಮ್ಮ ಕ್ಷೇತ್ರದಲ್ಲಿ ತೊಂದರೆಯಾದ ಕತೆಗಳೂ ಇವೆ, ಮತ್ತು ಈ ದಾರಿಗೆ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಅಂಥದ್ದೇ ಒಂದನ್ನು.

ಆರ್‌ಎಸ್‌ವಿ ಎಂಬ ವೈರಸ್ ಇದೆ. ದೊಡ್ಡವರಿಗೆ ಸಾಮಾನ್ಯವಾಗಿ ನೆಗಡಿ ತರುತ್ತದೆ. ಎಳೆ ಮಕ್ಕಳಲ್ಲಿ ಶ್ವಾಸಕೋಶದ ಸಣ್ಣ ಸಣ್ಣ ನಾಳಗಳು ಊದಿ, ಕಫ ಕಟ್ಟಿ, ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಸಂದಿ ಒಳಕ್ಕೆ ಹೋಗುವಷ್ಟು ಕಷ್ಟ ಕೊಡುತ್ತದೆ. ಇದು ಮೊದಲು ಸಿಕ್ಕಿದ್ದು ಅಮೆರಿಕದಲ್ಲಿ, 1956ರಲ್ಲಿ, ನೆಗಡಿಯಾಗಿದ್ದ ಚಿಂಪಾಂಜಿಗಳಲ್ಲಿ. ಮಾರನೇ ವರ್ಷವೇ ರಾಬರ್ಟ್ ಚಾನಾಕ್ ಎಂಬ ಮಕ್ಕಳ ಡಾಕ್ಟರ್ ಇದೇ ವೈರಸನ್ನು ಕಾಯಿಲೆಯ ಮಕ್ಕಳಲ್ಲಿ ಕಂಡುಹಿಡಿದರು. ಪೋಲಿಯೊ ಲಸಿಕೆಯ ಆಲ್ಬರ್ಟ್ ಸೇಬಿನ್ ಅವರ ಹತ್ತಿರ ಕಲಿತವರು ಅವರು.

ಮುಂದಿನ ಹೆಜ್ಜೆ ಲಸಿಕೆ ತಾನೆ? ಸಾಕ್ ಅವರ ಪೋಲಿಯೊ ಲಸಿಕೆ ಗೆದ್ದಿತ್ತು. ಅದರ ದಾರಿಯಲ್ಲೇ, ಫಾರ್ಮಲಿನ್ ಎಂಬ ರಾಸಾಯನಿಕ ಹಾಕಿ ವೈರಸನ್ನು ಕೊಂದು ಲಸಿಕೆ ಮಾಡಿದರು. 1960ರ ದಶಕದ ನಡುವೆ ಎಳೆ ಮಕ್ಕಳಿಗೆ ಕೊಟ್ಟು ನೋಡಿದರು. ರಕ್ತ ಪರೀಕ್ಷೆಯಲ್ಲಿ ಪ್ರತಿಕಾಯಗಳೂ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಬಂದವು. ಆಮೇಲೆ ಆರ್‌ಎಸ್‌ವಿ ಹರಡುವ ಕಾಲ ಬಂತು. ಒಂದು ಗುಂಪಿನಲ್ಲಿ, ಲಸಿಕೆ ಪಡೆದು ಸೋಂಕು ತಗುಲಿದ ಮಕ್ಕಳಲ್ಲಿ 80 ಶೇಕಡಾ ಆಸ್ಪತ್ರೆ ಸೇರಿದರು. ಆ ಲಸಿಕೆ ಪಡೆಯದೆ ಸೋಂಕು ತಗುಲಿದವರಲ್ಲಿ ಇದು 5 ಶೇಕಡಾ. ಎರಡು ಮಕ್ಕಳು ತೀರಿಕೊಂಡವು. ಕಾಪಾಡಬೇಕಾದ ಲಸಿಕೆಯೇ ಕಾಯಿಲೆಯನ್ನು ಹೆಚ್ಚಿಸಿತ್ತು.

ಪ್ರಯೋಗ ಮಾಡಿದವರು ಬೇಜವಾಬ್ದಾರಿ ಜನರಲ್ಲ. ಆ ಕಾಲದ ತಿಳಿವಳಿಕೆಯ ಪ್ರಕಾರ ಸರಿಯಾಗಿಯೇ ನಡೆದಿದ್ದರು. ನನಗೆ ಈ ಕತೆ ಭಯ ಹುಟ್ಟಿಸುವುದು ಅದಕ್ಕೇ. ಯಾರೋ ಕೆಟ್ಟವರು ಮಾಡಿದ್ದಾದರೆ ನಾವು ಹಾಗಲ್ಲ ಎಂದು ನೆಮ್ಮದಿಯಾಗಿ ಇರಬಹುದಿತ್ತು.

ಏನು ತಪ್ಪಾಗಿತ್ತು ಎಂಬುದರ ದೊಡ್ಡ ತುಣುಕು ಸಿಗಲು 2013ರ ತನಕ ಕಾಯಬೇಕಾಯಿತು. ವೈರಸ್ಸಿನ ಮೈಮೇಲೆ ಎಫ್ ಎಂಬ ಪ್ರೋಟೀನ್ ಇದೆ. ನಮ್ಮ ಜೀವಕೋಶದ ಪೊರೆಯೊಂದಿಗೆ ಬೆಸೆದುಕೊಂಡು ಒಳಗೆ ನುಗ್ಗಲು ಅದೇ ಸಾಧನ. ಅದು ಒತ್ತಿಟ್ಟ ಸ್ಪ್ರಿಂಗಿನ ಹಾಗೆ. ನುಗ್ಗುವ ಮೊದಲು ಒಂದು ಆಕಾರ, ಸ್ಪ್ರಿಂಗು ಬಿಚ್ಚಿಕೊಂಡ ಮೇಲೆ ಇನ್ನೊಂದು. ವೈರಸನ್ನು ಚೆನ್ನಾಗಿ ತಡೆಯುವ ಪ್ರತಿಕಾಯಗಳು ಹೆಚ್ಚಾಗಿ ಹಿಡಿಯುವುದು ಮೊದಲ ಆಕಾರವನ್ನು. ಫಾರ್ಮಲಿನ್ ಲಸಿಕೆಯಲ್ಲಿ ಇದ್ದದ್ದು ಬಹುಪಾಲು ಬಿಚ್ಚಿಕೊಂಡ ಆಕಾರ. ಮಕ್ಕಳ ಮೈಯಲ್ಲಿ ಪ್ರತಿಕಾಯ ಹುಟ್ಟಿದ್ದು ನಿಜ. ಆದರೆ ಅವು ವೈರಸಿಗೆ ಅಂಟುತ್ತಿದ್ದವು, ತಡೆಯುತ್ತಿರಲಿಲ್ಲ. ಅಂಟಿದ ಗಂಟುಗಳೂ ಶ್ವಾಸಕೋಶದಲ್ಲಿ ಊತ ಹೆಚ್ಚಿಸಿದವು. ಪ್ರತಿಕಾಯ ಬಂದಿದೆಯಾ ಎಂದು ಕೇಳಿದ್ದರು, ಅದು ಕೆಲಸ ಮಾಡುತ್ತದಾ ಎಂದು ಸಾಕಷ್ಟು ಕೇಳಿರಲಿಲ್ಲ. ನಮ್ಮ ಟ್ಯೂಬಿನ ಕತೆಯೂ ಇಂಥದ್ದೇ ತಾನೆ, ಅಳೆದದ್ದು ಒಂದು, ಅಳೆದೆವು ಅಂದುಕೊಂಡದ್ದು ಇನ್ನೊಂದು.

ಮೊದಲ ಆಕಾರವನ್ನು ಬಿಗಿದು ನಿಲ್ಲಿಸುವ ಉಪಾಯವನ್ನು ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ ಅವರ ತಂಡ ತೋರಿಸಿತು. ಗ್ರಹಾಂ ಕೂಡ ಡಾಕ್ಟರೇ. 2023ರ ಹೊತ್ತಿಗೆ ಗರ್ಭಿಣಿಯರಿಗೆ ಕೊಡುವ ಲಸಿಕೆ, ಹುಟ್ಟಿದ ಮಗುವಿಗೆ ನೇರವಾಗಿ ಕೊಡುವ ಪ್ರತಿಕಾಯದ ಇಂಜೆಕ್ಷನ್ ಎರಡೂ ಬಂದವು. ಚಾನಾಕ್ 2010ರಲ್ಲೇ ತೀರಿಕೊಂಡಿದ್ದರು. ಆ ಸೋಲಿನ ನಂತರವೂ ಅವರು ಈ ವೈರಸನ್ನು ಬಿಟ್ಟಿರಲಿಲ್ಲ. ಹೊರಗಿನಿಂದ ಪ್ರತಿಕಾಯ ಕೊಟ್ಟು ಮಕ್ಕಳನ್ನು ಕಾಪಾಡುವ ದಾರಿಯನ್ನು ಅವರ ಬಳಗದವರೂ ಬೆಳೆಸಿದರು, ಅದರ ಮೊದಲ ಮೋನೋಕ್ಲೋನಲ್ (ಲ್ಯಾಬಿನಲ್ಲಿ ತಯಾರಿಸಿದ, ಒಂದೇ ಬಗೆಯ ಪ್ರತಿಕಾಯದ) ಔಷಧಿ 1998ರಲ್ಲಿ ಬಂದಿತ್ತು.

ಎಲ್ಲವೂ ಹೀಗೆ ನೋವಿನದ್ದಲ್ಲ. ಹಿಬ್ (ಹೀಮೋಫಿಲಸ್ ಇನ್‌ಫ್ಲುಯೆಂಜೆ ಟೈಪ್ ಬಿ) ಎಂಬ ಬ್ಯಾಕ್ಟೀರಿಯಾ ಒಂದು ಕಾಲದಲ್ಲಿ ಅಮೆರಿಕದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್‌ಗೆ ಮೊದಲ ಕಾರಣವಾಗಿತ್ತು. ಅದು ಸಕ್ಕರೆಯ ಹೊದಿಕೆ ಹೊದ್ದುಕೊಂಡಿರುತ್ತದೆ. ಎರಡು ವರ್ಷದೊಳಗಿನ ಮಗುವಿನ ದೇಹ ಬರೀ ಸಕ್ಕರೆಯನ್ನು ಶತ್ರು ಎಂದು ಸರಿಯಾಗಿ ಗುರುತಿಸುವುದಿಲ್ಲ. ಸಕ್ಕರೆಯನ್ನು ಪ್ರೋಟೀನಿಗೆ ಕಟ್ಟಿಕೊಟ್ಟರೆ ಗುರುತಿಸುತ್ತದೆ. ಏವರಿ ಮತ್ತು ಗೋಬೆಲ್ ಎಂಬ ವಿಜ್ಞಾನಿಗಳು ಬೇರೆ ಬ್ಯಾಕ್ಟೀರಿಯಾದ ಸಕ್ಕರೆಯಲ್ಲಿ, ಮೊಲಗಳ ಮೇಲೆ, ಇದನ್ನು 1930ರ ಸುಮಾರಿಗೇ ತೋರಿಸಿದ್ದರು. ಅದು ಎಳೆ ಮಕ್ಕಳ ಲಸಿಕೆಯಾಗಿ ಬಂದದ್ದು 1990ರಲ್ಲಿ. ಮೊಲದಿಂದ ಮಗುವಿಗೆ ಬರಲು 60 ವರ್ಷ! ನಡುವೆ ಅದನ್ನು ಎತ್ತಿಕೊಂಡವರಲ್ಲಿ ಜಾನ್ ರಾಬಿನ್ಸ್, ರೇಚಲ್ ಶ್ನೀಯರ್ಸನ್, ಡೇವಿಡ್ ಸ್ಮಿತ್ ಮಕ್ಕಳ ಡಾಕ್ಟರುಗಳೇ. ಮೊಲದ ಪ್ರಯೋಗ ಪುಸ್ತಕದಲ್ಲಿ ಎಲ್ಲರ ಕಣ್ಣಿಗೂ ಬೀಳುವಂತಿತ್ತು. ಅದು ತನ್ನ ವಾರ್ಡಿನ ಮಗುವಿಗೆ ಸೇರಿದ್ದು ಎಂದು ಹೊಳೆಯಲು ಆ ವಾರ್ಡಿನಲ್ಲಿ ನಿಂತಿರಬೇಕಿತ್ತು ಎಂಬುದು ನನ್ನ ಲೆಕ್ಕ. ಲಸಿಕೆ ಬಂದ ಮೇಲೆ ಅಲ್ಲಿ ಹಿಬ್ ಕಾಯಿಲೆ 99 ಶೇಕಡಾ ಇಳಿಯಿತು. ನನಗೆ ಕಲಿಸಿದವರು ಇಂಥ ಮಕ್ಕಳನ್ನು ಸಾಲು ಸಾಲಾಗಿ ನೋಡಿದವರು. ನನ್ನ ವಿದ್ಯಾರ್ಥಿಗಳಿಗೆ ಅದು ಪುಸ್ತಕದ ಕಾಯಿಲೆ.

ಈ ವೃತ್ತಿಗೆ ಬರಬೇಕಾ ಎಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ. ವೈದ್ಯಕೀಯ, ಮಕ್ಕಳ ವಿಭಾಗ, ಸೋಂಕುರೋಗ, ಆಮೇಲೆ ಲ್ಯಾಬಿನ ತರಬೇತಿ, ಎಲ್ಲ ಮುಗಿಸುವಷ್ಟರಲ್ಲಿ ಹದಿನೈದು ವರ್ಷ ಹೋಗುತ್ತದೆ. ಬರೆದ ಗ್ರಾಂಟ್ ಅರ್ಜಿಗಳಲ್ಲಿ ಬಹುಪಾಲು ವಾಪಸ್ ಬರುತ್ತವೆ. ಜೊತೆಯಲ್ಲಿ ಓದಿದವರು ನಿಮಗಿಂತ ಜಾಸ್ತಿ ದುಡಿಯುತ್ತಿರುತ್ತಾರೆ. ಬರೀ ಹೆಸರಿಗಾಗಿ ಬರುವುದಾದರೆ ಬೇಡ. ವಾರ್ಡಿನಲ್ಲಿ 'ಇದು ಹೀಗ್ಯಾಕೆ?' ಎಂಬ ಪ್ರಶ್ನೆ ಬಂದಾಗ ಅದನ್ನು ಬಿಟ್ಟು ಮನೆಗೆ ಹೋಗಲಾಗದವರು ಬರಲಿ. ಮತ್ತೆ, ದಯವಿಟ್ಟು ನೈಟ್ ಡ್ಯೂಟಿ ಪೂರ್ತಿ ಬಿಡಬೇಡಿ.

ಆ ರಾತ್ರಿಯ ಮಗುವಿನ ಕಲ್ಚರಿನಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಹದಿನಾಲ್ಕು ದಿನ ಔಷಧಿ. ಮೆನಿಂಜೈಟಿಸ್ ಕಿವಿಗೆ ಪೆಟ್ಟು ಕೊಡಬಹುದು, ಹಾಗಾಗಿ ಮನೆಗೆ ಕಳಿಸುವ ಮೊದಲು ಕೇಳಿಸುತ್ತದಾ ಎಂದು ಪರೀಕ್ಷಿಸಿದೆವು. ಸರಿಯಾಗಿತ್ತು. ಹೊರಡುವ ದಿನ ಅಮ್ಮ ಕೇಳಿದರು, "ಮೇಡಂ, ಅವತ್ತು ಜಾಸ್ತಿ ರಕ್ತ ತಗೊಂಡ್ರಲ್ಲ, ಅದ್ರಲ್ಲಿ ಏನು ಸಿಕ್ತು?"

"ಇನ್ನೂ ಏನೂ ಇಲ್ಲಮ್ಮ," ಎಂದೆ. "ಇಂಥ ನೂರಾರು ಮಕ್ಕಳದ್ದು ಸೇರಿದ ಮೇಲೆ ನೋಡ್ತೀವಿ."

"ಅಷ್ಟೊತ್ತಿಗೆ ಇವನು ಸ್ಕೂಲಿಗೆ ಹೋಗ್ತಿರ್ತಾನೆ," ಎಂದು ನಕ್ಕರು.

ಈಗ ವಾರ್ಡಿನ ಮೂಲೆಯಲ್ಲೇ ಒಂದು ಪುಟ್ಟ ಸೆಂಟ್ರಿಫ್ಯೂಜ್ ಇಟ್ಟಿದ್ದೇವೆ. ರಾತ್ರಿಯೂ ಅರ್ಧ ಗಂಟೆಯೊಳಗೆ ರಕ್ತ ತಿರುಗಿಸಿ, ಮೇಲೆ ತಿಳಿಯಾಗಿ ನಿಂತದ್ದನ್ನು ಬೇರೆ ಮಾಡಿ ಮೈನಸ್ 80 ಡಿಗ್ರಿಯ ಫ್ರೀಜರಿಗೆ ಹಾಕಬೇಕು. ಡ್ಯೂಟಿಯವರು ಗೊಣಗುತ್ತಾರೆ, ಗೊಣಗಲಿ. ಆ ಮಗುವಿನ ಟ್ಯೂಬಿನ ಮೇಲೆ ಹೆಸರಿಲ್ಲ, ಒಂದು ನಂಬರಿದೆ. ಅದರ ಕೆಳಗೆ ನನ್ನದೇ ಕೈಬರಹದಲ್ಲಿ ಎರಡು ಸಮಯ: ತೆಗೆದದ್ದು 2:41, ಫ್ರೀಜರಿಗೆ 3:05.