ಬನ್ಜಾಯ್ ಅಂದ್ರೆ "ನುಗ್ರೋ, ಸಾಯ್ಸ್ರೋ" ಅಂತಾನಾ ಸಾರ್?

ಮತ್ತೆ ಅದೇ ಪ್ರಶ್ನೆ. ವಾರ್ ಪಿಕ್ಚರ್ ನೋಡ್ಕೊಂಡು ಬಂದೋರೆಲ್ಲ ಇದನ್ನೇ ಕೇಳ್ತೀರಿ, ಜಪಾನಿ ಸೈನಿಕರು ಕತ್ತಿ ಎತ್ಕೊಂಡು ಕೂಗ್ತಾರಲ್ಲ, ಅದು ದಾಳಿ ಮಾಡಿ ಅಂತಾನಾ, ಸಾಯೋಣ ಬನ್ನಿ ಅಂತಾನಾ. ಎರಡೂ ಅಲ್ಲ ಮಾರಾಯ್ರೇ! (ಬೋನ್ಸಾಯ್ ಅಂತೂ ಅಲ್ವೇ ಅಲ್ಲ, ಅದು ಕುಂಡದ ಗಿಡ.) ಹತ್ತು ಸಾವಿರ ವರ್ಷ ಅಂತ ಅರ್ಥ. ಚೀನಾದಲ್ಲಿ ಚಕ್ರವರ್ತಿಗೆ ಹಾಗೆ ಹರಸ್ತಿದ್ರು, ನಾವು ನೂರ್ಕಾಲ ಬಾಳಿ ಅಂತೀವಲ್ಲ, ಅವರು ಲೆಕ್ಕ ಸ್ವಲ್ಪ ಧಾರಾಳವಾಗಿ ಇಟ್ಕೊಂಡಿದ್ರು ಅಷ್ಟೇ.

ಜಪಾನ್‌ನಲ್ಲಿ ಈಗಿನ ಥರ ಗುಂಪಾಗಿ ಕೂಗೋದು ಶುರುವಾಗಿದ್ದು 1889ರ ಫೆಬ್ರವರಿ 11ಕ್ಕೆ, ಮೇಜಿ ಚಕ್ರವರ್ತಿ ಕಾಲದ ಸಂವಿಧಾನ ಘೋಷಿಸಿದ ದಿನ, ಟೋಕಿಯೋದಲ್ಲಿ ಚಕ್ರವರ್ತಿ ಸಾರೋಟಿನ ಮುಂದೆ ಯೂನಿವರ್ಸಿಟಿ ಹುಡುಗರು ಕೂಗಿದ್ದು. ಯುದ್ಧದಲ್ಲಿ ಕೂಗಿಲ್ವಾ ಅಂದ್ರೆ ಕೂಗಿದಾರೆ, "ಟೆನ್ನೋ ಹೇಕಾ ಬನ್ಜಾಯ್" ಅಂತ, ಅಂದ್ರೆ ಚಕ್ರವರ್ತಿಗೆ ಜೈಕಾರ. 1944ರ ಜುಲೈ 7ರಂದು ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದಲ್ಲಿ ಸಾವಿರಾರು ಜನ ಒಟ್ಟಿಗೆ ನುಗ್ಗಿ ಸತ್ತರು, ಅಂಥದ್ದಕ್ಕೆ "ಬನ್ಜಾಯ್ ಚಾರ್ಜ್" ಅಂತ ಹೆಸರಿಟ್ಟಿದ್ದು ಎದುರು ಪಾಳಯದವರು. ಜಪಾನ್ ಸರ್ಕಾರ ಹೇಳ್ತಿದ್ದಿದ್ದು "ಗ್ಯೊಕುಸಾಯ್" ಅಂತ, ರತ್ನ ಪುಡಿಯಾದ ಹಾಗೆ ಅನ್ನೋ ಅರ್ಥದಲ್ಲಿ, 1943ರಲ್ಲಿ ಅಟ್ಟು ದ್ವೀಪ ಸೋತಾಗ್ಲಿಂದ. ಸೋಲಿಗೆ ಎಂಥಾ ಅಲಂಕಾರ ನೋಡಿ.

ಇನ್ನೂ ನಂಬಿಕೆ ಬರ್ಲಿಲ್ವಾ? 1919ರ ಮಾರ್ಚ್ 1ರಿಂದ ಕೊರಿಯಾದ ಜನ ಇದೇ ಜಪಾನ್ ಆಳ್ವಿಕೆ ವಿರುದ್ಧ ಬೀದಿಗಿಳಿದು ಕೂಗಿದ್ದು "ಮಾನ್ಸೆ" ಅಂತ, ಅದೇ ಪದ, ಅವರ ಉಚ್ಚಾರಣೆ, ಕೈಯಲ್ಲಿ ಆಯುಧ ಇಲ್ಲ. ಇವತ್ತಿಗೂ ಜಪಾನ್‌ನಲ್ಲಿ ಎಲೆಕ್ಷನ್ ಗೆದ್ದವರು ಆಫೀಸಲ್ಲಿ ನಿಂತು ಮೂರು ಸಲ ಕೂಗ್ತಾರೆ, ಸಂಸತ್ತಿನ ಕೆಳಮನೆ ವಿಸರ್ಜನೆ ಆಯ್ತು ಅಂತ ಸ್ಪೀಕರ್ ಓದಿದ ತಕ್ಷಣ ಕೆಲಸ ಕಳ್ಕೊಂಡ ಸದಸ್ಯರೇ ಎದ್ದು ಬನ್ಜಾಯ್ ಅಂತಾರೆ. 2019ರ ಅಕ್ಟೋಬರ್ 22ಕ್ಕೆ ಚಕ್ರವರ್ತಿ ನರುಹಿತೊ ಪಟ್ಟಾಭಿಷೇಕದಲ್ಲಿ ಪ್ರಧಾನಿ ಅಬೆನೇ ಕೂಗಿಸಿದ್ರು. ಅಲ್ಲಿ ಯಾರ ಮೇಲೆ ದಾಳಿ ಮಾಡ್ತಿದ್ರು ಹೇಳಿ?

ಅಂದ ಹಾಗೆ ಬನ್ಜಾಯ್ ಕೂಗ್ತಾ ಎರಡೂ ಕೈ ಎತ್ತುವಾಗ ಅಂಗೈ ಯಾವ ಕಡೆ ಇರ್ಬೇಕು ಗೊತ್ತಾ? ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಅಂಗೈ ಒಳಮುಖವಾಗೇ ಇರ್ಬೇಕು, ಹಂಗಂತ 1879ರ ಸರ್ಕಾರಿ ಆದೇಶ ಇದೆ ಅಂತ ಅಲ್ಲಿ ಒಂದು ಕಾಗದ ಓಡಾಡ್ತಿತ್ತು, ಸಂಸದರೇ ನಂಬಿ ಪ್ರಧಾನಿ ಹತೊಯಾಮ ಕೈ ಎತ್ತಿದ್ದು ಸರಿ ಇಲ್ಲ ಅಂತ ಪ್ರಶ್ನೆ ಹಾಕಿದ್ರು, 2010ರಲ್ಲಿ ಸರ್ಕಾರ ಅಂಥ ಅಧಿಕೃತ ಕ್ರಮ ಏನೂ ಇಲ್ಲ ಅಂತ ಉತ್ತರ ಕೊಡ್ಬೇಕಾಯ್ತು. ಆ ಕಾಗದ ನಕಲಿ. ಹೀಗೆ ಗುಂಪಾಗಿ ಕೂಗೋದೇ 1889ರಲ್ಲಿ ಶುರುವಾಗಿರೋವಾಗ ಹತ್ತು ವರ್ಷ ಮೊದಲೇ ಅದಕ್ಕೆ ರೂಲ್ಸ್ ಎಲ್ಲಿಂದ ಬರತ್ತೆ?